ಮರಿ ಹುಡುಕಿ ಬಂದ ಆನೆ

ಅಂತರಸಂತೆಯಾಚೆ ಕಾಡಿನೊಳಗೆ ಹಲಗೆಯ ಕುಟೀರವೊಂದರಲ್ಲಿ ನಾನೂ ನನ್ನವರೂ ತಂಗಿದ್ದೆವು. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಒಂಟಿ ಹೆಣ್ಣಾನೆಯೊಂದು ಅಂಗಳಕ್ಕೆ ಬಂದು ಕಿಟಕಿ, ಸೌದೆರಾಶಿ ಎಲ್ಲವನ್ನೂ ಮೂಸತೊಡಗಿತು. ನಾವು ಹೆದರಿ ಒಳಗೆ ಓಡಿದೆವು.

"ಮರಿ ಉಡುಕ್ತಾ ಅದೆ ಕಣ್ರವ್ವ," ಎಂದಳು ಅಡುಗೆಯ ಕೆಂಪಮ್ಮ. ಮೊನ್ನೆ ಆನೆ ಹಿಡಿಯುವ ಖೆಡ್ಡಾಕ್ಕೆ ಹಿಂಡನ್ನು ಅಟ್ಟುವಾಗ ತಾಯಿ ತಪ್ಪಿಸಿಕೊಂಡು, ಮರಿ ಮಾತ್ರ ಸಿಕ್ಕಿಬಿದ್ದಿತ್ತಂತೆ; ಅದನ್ನು ಈ ಅಂಗಳದ ಮೇಲೆಯೇ ಊರಿಗೆ ಎಳೆದೊಯ್ದಿದ್ದರಂತೆ.

"ತಮಟೆ ಬಡಿದು ಓಡಿಸಬಾರದೇ?" ಎಂದು ನನ್ನವರು ಅವಳ ಗಂಡ, ಕಾವಲಿನ ಮಾದಯ್ಯನನ್ನು ಕೇಳಿದರು.

"ಮೊನ್ನೆ ಅಟ್ಟಿದ್ದೂ ನನ್ ತಮಟೇನೇ ಸಾಮಿ. ಇನ್ನು ಬಡಿಯಾಕೆ ಕೈ ಬರಾಕಿಲ್ಲ," ಎಂದು ಅವನು ತಲೆ ತಗ್ಗಿಸಿದ.

ಕೆಂಪಮ್ಮ ಹೊಸ್ತಿಲಲ್ಲಿ ನಿಂತು ಆನೆಗೆ ಮೆಲ್ಲಗೆ ಹೇಳಿದಳು: "ಇಲ್ಲಿಲ್ಲ ಕಣವ್ವ, ಓಗವ್ವ."

ಅದು ಕಾಡಿಗೆ ತಿರುಗಲಿಲ್ಲ. ಮರಿಯನ್ನು ಎಳೆದೊಯ್ದ ದಾರಿಯನ್ನು ಮೂಸುತ್ತಾ ಊರಿನತ್ತ ನಡೆಯಿತು.