ತೊಳೆಯುವ ಮುನ್ನ ಎರಡು ನಿಮಿಷ

ಬೆಳಗಿನ ಆರು ಗಂಟೆ. ಐಮಂಗಲದ ಹೆದ್ದಾರಿಯಲ್ಲಿ ಈಗಷ್ಟೇ ಕಾರೊಂದು ಬೈಕಿಗೆ ಗುದ್ದಿದೆ. ಸವಾರನನ್ನು ಆಂಬುಲೆನ್ಸ್ ಒಯ್ದಿದೆ. ಪಕ್ಕದ ಹೋಟೆಲಿನ ಉಚ್ಚಂಗಮ್ಮ ರಕ್ತದ ಮೇಲೆ ಸುರಿಯಲು ಕೊಡದಲ್ಲಿ ನೀರು ತಂದಿದ್ದಾರೆ. ಪಂಕ್ಚರ್ ಅಂಗಡಿಯ ಮಹಮ್ಮದ್ ಗೌಸ್ ಕೈ ಅಡ್ಡ ಹಿಡಿಯುತ್ತಾರೆ.

"ಅಕ್ಕಾ, ಎರಡು ನಿಮಿಷ ತಡಿರಿ. ಆಮೇಲೆ ನಾನೇ ತೊಳೀತೀನಿ."

ವಾಹನಗಳು ದೂರ ಸರಿದು ಹೋಗಲೆಂದು ರಸ್ತೆಗೆ ಹಳೇ ಟೈರು ಅಡ್ಡ ಇಡುತ್ತಾರೆ. ಬೈಕ್ ಎತ್ತಲು ಬಂದವರನ್ನು ತಡೆಯುತ್ತಾರೆ. ಕಾರಿನ ಚಕ್ರ ಉಜ್ಜಿದ ಗುರುತಿನ ಪಕ್ಕ, ಅಳತೆ ತಿಳಿಯಲೆಂದು, ತಮ್ಮ ಸ್ಪ್ಯಾನರ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಒಡೆದ ದೀಪದ ಚೂರುಗಳನ್ನು ಮಾತ್ರ ಮುಟ್ಟುವುದಿಲ್ಲ, ಅದು ಪೊಲೀಸರ ಕೆಲಸ.

ಮರುಗುವುದರಲ್ಲಿ ನಮ್ಮ ಜನ ಹಿಂದೆ ಬೀಳುವವರಲ್ಲ. ಓಡಿ ಬರುತ್ತಾರೆ, ಗಾಡಿ ಎತ್ತಿ ನೆಟ್ಟಗೆ ನಿಲ್ಲಿಸುತ್ತಾರೆ, ಯಾರೂ ರಕ್ತ ತುಳಿಯಬಾರದೆಂದು ರಸ್ತೆ ತೊಳೆದು ನಿಂಬೆಹಣ್ಣು ಕೊಯ್ದಿಡುತ್ತಾರೆ. ಪೊಲೀಸರು ಬರುವ ಹೊತ್ತಿಗೆ ರಸ್ತೆ ಹಬ್ಬದ ದಿನದ ಅಂಗಳದಂತಿರುತ್ತದೆ. ಪರಿಹಾರದ ಕೇಸು ಅಲ್ಲೇ ಅರ್ಧ ಸತ್ತಿರುತ್ತದೆ. ನೋಡಿದರೆ ಸಿಟ್ಟು ಬರುತ್ತದೆ, ಆದರೆ ಯಾರ ಮೇಲೆ ಅಂತ ಸಿಟ್ಟಾಗುವುದು?

ಗೌಸ್ ಅವರೂ ಹಾಗೆ ತೊಳೆದವರೇ. ಹನ್ನೊಂದು ವರ್ಷದ ಹಿಂದೆ ಇದೇ ಅಂಗಡಿಯ ಮುಂದೆ ನಿಂತಿದ್ದ ಅವರ ತಾಯಿ ಬೀಬಿ ಜಾನ್ ಅವರಿಗೆ ಟೆಂಪೊ ಬಡಿಯಿತು.

"ಅಮ್ಮಿ ರಕ್ತದ ಮೇಲೆ ಲಾರಿ ಓಡಾಡಬಾರ್ದು ಅಂತ ಎಂಟು ಬಕೀಟು ನೀರು ಹುಯ್ದೆ ಕಣ್ರಿ," ಎನ್ನುತ್ತಾರೆ. "ಇದ್ದ ಗುರುತೆಲ್ಲ ನನ್ನ ಕೈಯಾರೆ ಅಳಿಸ್ದೆ."

ಆಕೆಯೇ ರಸ್ತೆಗೆ ಅಡ್ಡ ಓಡಿ ಬಂದರೆಂದು ಟೆಂಪೊದವರು ಕೋರ್ಟಿನಲ್ಲಿ ವಾದಿಸಿದರು. ಗಾಡಿಯೇ ರಸ್ತೆ ಬಿಟ್ಟು ಬಂತೆಂದು ಗೌಸ್ ಹೇಳಿದರು. ಗುರುತಿಲ್ಲದೆ ಮಗನ ಮಾತೊಂದನ್ನೇ ನಂಬಲಾಗದೆಂದು ಅರ್ಜಿ ವಜಾ ಆಯಿತು. ಬೀಬಿ ಜಾನ್ ಇಂದಿಗೂ ಊರುಗೋಲು ಹಿಡಿದೇ ನಡೆಯುತ್ತಾರೆ.

ಅಲ್ಲಿಂದೀಚೆಗೆ ಗೌಸ್ ಅರವತ್ಮೂರು ಅಪಘಾತಗಳ ಫೋಟೋ ತೆಗೆದಿದ್ದಾರೆ. ಒಂಬತ್ತು ಸಲ ಚಿತ್ರದುರ್ಗಕ್ಕೆ ಹೋಗಿ ಸಾಕ್ಷಿ ಹೇಳಿದ್ದಾರೆ. ಆ ದಿನಗಳಲ್ಲಿ ಅಂಗಡಿಗೆ ಬೀಗ.

"ಸಂಜೆ ತನಕ ಕುಂದ್ರಿಸಿ, ಇವತ್ತಿಲ್ಲ ಹೋಗ್ರಿ ಅಂತಾರೆ. ಏನ್ ಮಾಡಾದು, ಇನ್ನೊಂದಿನ ಹೋಗಾದು."

ಕೊನೆಯ ಸಲ ಹೋದದ್ದು ತಾಳ್ಯದ ರೇಣುಕಾ ಅವರಿಗಾಗಿ. ಬಟ್ಟೆ ಹೊಲಿದು ಬದುಕುತ್ತಿದ್ದ ಆಕೆಯ ಬಲಗಾಲು ಈಗ ಹೊಲಿಗೆ ಯಂತ್ರ ತುಳಿಯಲಾರದು. ಸ್ಕೂಟರ್ ತಾನಾಗಿಯೇ ಜಾರಿ ಬಿತ್ತೆಂದು ಕಾರಿನವರು ಹೇಳಿದರು. ಗೌಸ್ ತೆಗೆದ ಫೋಟೋದಲ್ಲಿ ಕಾರಿನ ಚಕ್ರದ ಗುರುತು ರಸ್ತೆಯಂಚಿನ ಬಿಳಿ ಗೆರೆ ದಾಟಿ ಸ್ಕೂಟರಿನವರೆಗೂ ಹೋಗಿತ್ತು. ಇದರಿಂದ ನಿನಗೇನು ಲಾಭ ಎಂದು ಎದುರು ವಕೀಲರು ಕೆದಕಿದರು. "ಕಂಡದ್ದು ಹೇಳ್ತಿದೀನಿ ಸಾರ್," ಎಂದರು ಗೌಸ್.

ಕಳೆದ ತಿಂಗಳು ರೇಣುಕಾ ಪರವಾಗಿ ತೀರ್ಪು ಬಂತು. ಅದರ ಪ್ರತಿಯನ್ನು ಆಕೆ ಅಂಗಡಿಗೇ ತಂದುಕೊಟ್ಟರು. ಗೌಸ್ ಅದನ್ನು ಮನೆಗೆ ಒಯ್ದು ತಾಯಿಗೆ ಓದಿ ಹೇಳಿದರು.

"ಸಾಕ್ಷಿ ಮಹಮ್ಮದ್ ಗೌಸ್ ಹೇಳಿದ್ದನ್ನ ನಂಬಬಹುದು ಅಂತ ಅದ್ರಾಗೆ ಒಂದು ಸಾಲೈತೆ," ಎನ್ನುತ್ತಾರೆ. "ಅಮ್ಮಿ ಅದೊಂದು ಸಾಲನ್ನ ಮೂರು ಸಲ ಓದಿಸಿದ್ರು."