ಮೌಲಾಸಾಬನ ಸುತ್ತುದಾರಿ

ನಿಜಾಮರ ಕಾಲದಲ್ಲಿ ನಮ್ಮ ಸಾಲಿಗೆ ಚಪರಾಸಿಯಾಗಿದ್ದ ಮೌಲಾಸಾಬನ ದೊಡ್ಡ ಕೆಲಸ ಗಂಟೆ ಹೊಡೆಯುವುದಲ್ಲ, ಸಾಲಿ ತಪ್ಪಿಸಿದವರನ್ನು ಹಿಡಿದು ತರುವುದು. ಮಸ್ಕಿ ಗುಡ್ಡದ ಯಾವ ಬಂಡೆಯ ಹಿಂದೆ ಎಷ್ಟು ಹುಡುಗರು ಹಿಡಿಸುತ್ತಾರೆಂಬುದು ಅವನಿಗೆ ಬಾಯಿಪಾಠ. ಜೋಳದ ಹೊಲದ ಬದುವಿನಲ್ಲಿ ನಿಂತು ಬೀಡಿ ಹಚ್ಚಿ, ಹೊಗೆ ನೆಟ್ಟಗೆ ಮೇಲೇರುವುದನ್ನು ನೋಡಿ, "ಗಾಳಿ ಇಲ್ಲ, ತೆನಿ ಅಲ್ಲಾಡಾಕತ್ತಾವ. ಹೊರಗ ಬಾ ಲೇ ಯಂಕೋಬ" ಎನ್ನುತ್ತಿದ್ದ. ಕೈಯಲ್ಲಿ ಕೋಲಿರುತ್ತಿತ್ತು, ಅದು ನಾಯಿಗಳಿಗೆ, ನಮಗಲ್ಲ. ಸಿಕ್ಕವರನ್ನು ಮಾತ್ರ ನೆಟ್ಟಗೆ ಸಾಲಿಗೆ ತರದೆ ಹಳ್ಳ ಸುತ್ತಿಸಿ ತರುತ್ತಿದ್ದ. ನೀನು ಹಿಡಿಯಲು ಬಂದ ಮೇಲೆ ಓಡುವವರೇ ಹೆಚ್ಚಾದರಲ್ಲ ಎಂದು ಹೆಡ್‌ಮಾಸ್ತರರು ಉರ್ದುವಿನಲ್ಲಿ ರೇಗಿದರೆ, "ಜೀ ಹುಜೂರ್" ಎಂದು ತಲೆ ಬಗ್ಗಿಸುತ್ತಿದ್ದ. ಅವರು ಹೈದರಾಬಾದಿನವರು, ಪಾಠವೆಲ್ಲ ಉರ್ದು. ನಮಗೆ ಹತ್ತರಲ್ಲಿ ಎಂಟು ಮಾತು ತಿಳಿಯುತ್ತಿರಲಿಲ್ಲ. ಬಾಗಿಲ ಹೊರಗೆ ಕೂತು ಕೇಳಿದ ಅದೇ ಪಾಠವನ್ನು ಮೌಲಾಸಾಬ ಹಳ್ಳದ ಉಸುಕಿನಲ್ಲಿ ಕೋಲಿನಿಂದ ಗೆರೆ ಎಳೆದು ಕನ್ನಡದಲ್ಲಿ ಹೇಳುತ್ತಿದ್ದ: "ಮಶ್ರಿಕ್ ಅಂದ್ರ ಮೂಡಲ, ಹೊತ್ತು ಹುಟ್ಟೋ ಕಡಿ. ಮಗ್ರಿಬ್ ಅಂದ್ರ ಪಡುವಲ. ಈಗ ಹೇಳ್ರಿ, ನಮ್ಮ ಸಾಲಿ ಯಾವ ಕಡಿ ಐತಿ?" ಹೀಗಾಗಿ ನಾವು ಅವನ ಕೈಗೆ ಸಿಗಲೆಂದೇ ಓಡುತ್ತಿದ್ದೆವು. ಒಂದು ಮಳೆಗಾಲ ಅವನು ಜ್ವರ ಬಂದು ಎಂಟು ದಿನ ಮಲಗಿದ. ಆ ಎಂಟೂ ದಿನ ಒಬ್ಬನೂ ಸಾಲಿ ತಪ್ಪಿಸಲಿಲ್ಲ. ಹಾಜರಿ ಪೂರ್ತಿ ಇತ್ತು. ಮಾಸ್ತರರು ಕೇಳಿದ ಪ್ರಶ್ನೆಗೆ ಎದ್ದು ನಿಲ್ಲುವವರು ಒಬ್ಬರೂ ಇರಲಿಲ್ಲ.