ಮರಳಿಗೆ ಕೋಲು ಊರಬಾರದು

ನಾನು ಬಿ.ಎ. ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಹಿಂದಿನಿಂದ ಅಲ್ಲ, ಮುಖದ ಮೇಲೆಯೇ ಹೇಳಿದರು. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಹೊಸತು. ಕೊನೆಯ ವರ್ಷದ ಇಂಗ್ಲಿಷಿನಲ್ಲಿ ನಪಾಸಾಗಿ, ಬೇಸಿಗೆಯಲ್ಲಿ ಉಳವಿಯ ಹತ್ತಿರದ ನಮ್ಮ ಊರಿಗೆ ಬಂದಿಳಿದಿದ್ದೆ.

“ಗುದ್ದಲಿ ಹಿಡಿ ಮಗಾ. ಇಂಗ್ಲೀಷು ಎಂತ ನಮ್ಮನೆ ಎಮ್ಮೆಯಾ, ಕರೆದ ಕೂಡ್ಲೆ ಬರೋಕೆ?”

ಕಣದಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಮರುದಿನ ಮೊದಲ ಬಸ್ಸಿಗೆ ನನ್ನನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋದ. ಚಿನ್ನದ ಗಣಿಯಲ್ಲಿ ದೊಡ್ಡ ಕೆಲಸದಲ್ಲಿದ್ದು, ನಿವೃತ್ತರಾಗಿ ಹುಟ್ಟೂರಿಗೆ ಮರಳಿದ್ದ ಸಾಹೇಬರೊಬ್ಬರು ಅಲ್ಲಿದ್ದರು. ವರ್ಷಾವರ್ಷ ನಮ್ಮ ಗದ್ದೆಯ ಅಕ್ಕಿಯನ್ನೇ ಕೊಳ್ಳುತ್ತಿದ್ದರು. ಅಪ್ಪ ಅವರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, “ಸ್ವಾಮಿ, ಇವನಿಗೆ ಇಂಗ್ಲೀಷು ಹತ್ತಾದಿಲ್ಲ. ಹತ್ತಿಸಿಕೊಡ್ರಿ” ಎಂದ.

ಮಠದಲ್ಲಿ ಊಟ, ಅಲ್ಲೇ ಮಲಗುವುದು, ಹಗಲು ಸಾಹೇಬರ ಮನೆ. ಅವರು ನನ್ನ ಪಠ್ಯಪುಸ್ತಕ ತೆರೆಯಲೇ ಇಲ್ಲ. ಕೈಗೆ ಕೊಟ್ಟದ್ದು, ಗಣಿಯ ದೊರೆಗಳ ಜೊತೆ ತಾವು ಆಡುತ್ತಿದ್ದ ಗಾಲ್ಫ್ ಆಟದ ನಿಯಮಗಳ ತೆಳ್ಳನೆಯ ಪುಸ್ತಕ.

“ಇದ್ರಾಗ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮಿಲ್ಲ. ಇದು ತಿಳೀತಂದ್ರ ನಿಮ್ಮ ಪರೀಕ್ಷೆ ಏನ್ ಮಹಾ ರೀ?”

ಪದಪದಕ್ಕೆ ಅರ್ಥ ಹುಡುಕಿದೆ. ವಾಕ್ಯ ಮಾತ್ರ ಬಾಯಿ ಬಿಡಲಿಲ್ಲ. ಒಂದು ನಿಯಮ ಹೀಗಿತ್ತು: ಹುಲ್ಲಿನ ಮೇಲಾದರೆ, ಹೊಡೆಯುವ ಮೊದಲು ಚೆಂಡಿನ ಹಿಂದೆ ಕೋಲಿನ ತಲೆಯನ್ನು ಹಗುರಾಗಿ ನೆಲಕ್ಕೆ ಊರಬಹುದು. ಚೆಂಡು ಮರಳ ಗುಂಡಿಗೆ ಬಿದ್ದಿದ್ದರೆ ಊರಬಾರದು, ಕೋಲು ಗಾಳಿಯಲ್ಲೇ ನಿಲ್ಲಬೇಕು. ಯಾಕೆ? ಕಾರಣವನ್ನು ನನ್ನದೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತಾ ಎಂದರು ಸಾಹೇಬರು. ‘ನಿಯಮ ಇರುವುದರಿಂದ’ ಎಂದು ಬಗೆಬಗೆಯಾಗಿ ಬರೆದೆ. ಅವರು ಬಗೆಬಗೆಯಾಗಿ ಹೊಡೆದುಹಾಕಿದರು.

ಒಂದು ಸಂತೆಯ ದಿನ ಅಪ್ಪ ಅವಲಕ್ಕಿ ಗಂಟು ಹೊತ್ತು ಬಂದ. ನಾವು ಬತ್ತಿದ ಕೆರೆಯಂಗಳದಲ್ಲಿದ್ದೆವು. ಸಾಹೇಬರು ಮರಳಲ್ಲಿ ಚೆಂಡಿಟ್ಟು ಹೊಡೆದು ತೋರಿಸುತ್ತಿದ್ದರು. “ಬರ್ರಿ ಗೌಡ್ರೇ, ನೀವೊಂದು ಹೊಡೀರಿ” ಎಂದು ಕೋಲು ಕೊಟ್ಟರು.

ಅಪ್ಪ ಕೋಲಿನ ಕಬ್ಬಿಣದ ತಲೆಯನ್ನು ಮರಳಿಗೆ ಊರಿದ. ಬಾಗಿ ನೆಲ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡ. ನಮ್ಮ ಕಡೆ ಗುದ್ದಲಿಯ ಮೊದಲ ಏಟು ಹಾಕುವ ಮುಂಚೆ ಯಾರೂ ಹಾಗೆ ಮಾಡದೆ ಇರುವುದಿಲ್ಲ.

“ಆತು! ಎರಡು ಏಟು ದಂಡ!” ಸಾಹೇಬರು ಕೂಗಿದರು.

“ಇನ್ನೂ ಹೊಡದೇ ಇಲ್ಲ ಮಾರಾಯ್ರೆ, ದಂಡ ಎಂತಕ್ಕೆ?”

“ಮರಳಿಗೆ ಊರಿದ್ರಲ್ಲ!”

“ಊರದೆ ಹೊಡೆಯಾದು ಹ್ಯಾಂಗೆ? ಮೆತ್ತಗೈತೋ, ಅಡಿಗೆ ಗಟ್ಟಿ ಐತೋ, ಕೈಗೆ ಗೊತ್ತಾಗಬೇಡ್ವಾ?”

ಸಾಹೇಬರು ನನ್ನತ್ತ ತಿರುಗಿದರು. ಆಗ ಹೊಳೆಯಿತು. ಊರುವುದೆಂದರೆ ಕೈ ನೆಲವನ್ನು ಕೇಳುವುದು. ಮರಳಿನ ಅಡಿ ಏನಿದೆಯೆಂದು ತಿಳಿಯದೆ ಹೊಡೆಯುವುದೇ ಅಲ್ಲಿ ಆಟ. ಮೊದಲೇ ತಿಳಿದುಕೊಂಡರೆ ಅದು ಮೋಸ.

ಅಪ್ಪ ಊರದೆ ಹೊಡೆದ. ಚೆಂಡು ಅಲ್ಲೇ ಉಳಿಯಿತು, ಮೀಸೆಯ ತುಂಬ ಮರಳು. “ಕೇಳದೆ ಹೊಡದ್ರೆ ನೆಲ ಉಗೀದೆ ಬಿಡ್ತದಾ?” ಎನ್ನುತ್ತ ತಾನೇ ನಕ್ಕ. ಅಪ್ಪ ಅಷ್ಟು ನಕ್ಕದ್ದನ್ನು ಮತ್ತೆ ನಾನು ನೋಡಲಿಲ್ಲ. ಅಂದು ಸಂಜೆ ಬರೆದ ಪುಟವನ್ನು ಸಾಹೇಬರು ಹೊಡೆದುಹಾಕಲಿಲ್ಲ.

ಮಳೆಗಾಲದ ಕೊನೆಗೆ ಪರೀಕ್ಷೆ ಬರೆದು ಊರಿಗೆ ಬಂದೆ. ಫಲಿತಾಂಶಕ್ಕೆ ಅಪ್ಪ ಕಾಯಲಿಲ್ಲ. ಜ್ವರ ಬಂತು, ಇಳಿಯಲಿಲ್ಲ.

ನಮ್ಮಲ್ಲಿ ಹೂಳುತ್ತಾರೆ. ಗದ್ದೆಯ ಮೇಲಿನ ದಿಬ್ಬದಲ್ಲಿ ದೊಡ್ಡಪ್ಪ ಅಪ್ಪನ ಗುದ್ದಲಿಯನ್ನೇ ನನ್ನ ಕೈಗಿಟ್ಟರು. ಮೊದಲ ಏಟು ಮಗನದು. ರೂಢಿಯಂತೆ ಊರಿದೆ, ನೆಲ ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಮಣ್ಣು ಮೆತ್ತಗಿತ್ತು. ಒಂದೇ ಏಟಿಗೆ ಬಾಯಿ ತೆರೆಯುತ್ತದೆಂದು ಕೈಗೆ ಗೊತ್ತಾಗಿಬಿಟ್ಟಿತು. ಊರಬಾರದಿತ್ತು. ತಿಳಿಯದೆ ಹೊಡೆದಿದ್ದರೆ ಹೊಡೆಯಬಹುದಿತ್ತೇನೋ. ಊರಿದ ಗುದ್ದಲಿಯನ್ನು ನನ್ನಿಂದ ಎತ್ತಲಾಗಲಿಲ್ಲ.

“ಕೊಡು ಮಗಾ” ಎಂದು ದೊಡ್ಡಪ್ಪ ತಾವೇ ಅಗೆದರು.

ಪಾಸಾದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಪದವಿಯ ಪತ್ರ ಕೈಗೆ ಬಂದ ದಿನ ಬಸ್ಸಿಳಿದು ನೇರ ಗದ್ದೆಗೆ ಹೋಗಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಪಂಚೆಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಓದಲು ಬರದು. ಹಿಡಿದುಕೊಂಡು ದಿಬ್ಬ ಹತ್ತಿದರು. ನಾನು ಹಿಂದೆ ಹೋದೆ. ಅಪ್ಪನ ಮಣ್ಣಿನ ಮೇಲೆ ಪತ್ರವನ್ನು ಮೆಲ್ಲಗೆ ಊರಿ, ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡರು.

“ಲೇ ತಮ್ಮಾ, ಆಗಾದಲ್ಲ ಅಂದವ ನಾನು. ನಿನ್ನ ಮಗ ತಂದಾನೆ. ಒಂದ್ಸಲ ಎದ್ದು ನೋಡೋ.”